ಕೊಳ್ಳಕ್ಕೆ ಚೆಲ್ಲಿದ ಚರಗ

ನಮ್ಮವ್ವನಿಗೂ ನಮ್ಮತ್ತೆಗೂ ಜಗಳ ಹತ್ತಿದ್ದು ಒಂದು ಗುಡ್ಡದ ಸಲುವಾಗಿ. ಬೇರೆ ಮನೆಗಳ ಬೀಗತಿಯರು ಸೀರೆಯ ಅಂಚು ಸಣ್ಣದಾಯಿತು, ಹೋಳಿಗೆಗೆ ತುಪ್ಪ ಕಡಿಮೆ ಬಿತ್ತು ಎಂದು ಮರ್ಯಾದಸ್ಥರ ಹಾಗೆ ಜಗಳಾಡುತ್ತಾರೆ. ನಮ್ಮವರಿಬ್ಬರು ಮಾತ್ರ ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವಿನ ಒಂದು ಕೊಳ್ಳವನ್ನು ಸೀಳಿದವರು ಯಾರು ಎಂಬ ಪ್ರಶ್ನೆಗೆ ಮಾತು ಬಿಟ್ಟು ಕೂತಿದ್ದರು. ನನ್ನ ಕರ್ಮಕ್ಕೆ ನಾನು ಓದಿದ್ದು ಭೂವಿಜ್ಞಾನ. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಪಂಚಾಯಿತಿ ಕೊನೆಗೆ ನನ್ನ ಕೊರಳಿಗೇ ಬಿತ್ತು.

ಕೊಳ್ಳ ಎಂದರೆ ಜನ ಬಸ್ಸು ಮಾಡಿಕೊಂಡು ನೋಡಲು ಬರುವಂಥದ್ದೇನಲ್ಲ. ಎರೆ ಹೊಲಗಳ ನಡುವೆ ಉದ್ದಕ್ಕೆ ಮಲಗಿದ ಒಂದು ಕುಳ್ಳ ಗುಡ್ಡ. ಅದರ ನಟ್ಟನಡುವೆ, ಕುಡುಗೋಲಿನಿಂದ ಕೊಯ್ದ ಹಾಗೆ, ನೆತ್ತಿಯಿಂದ ಬುಡದವರೆಗೆ ಒಂದು ಸೀಳು. ಒಳಗೆ ಇಳಿದರೆ ಎರಡೂ ಕಡೆ ಕಲ್ಲಿನ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ಮಳೆಗಾಲದಲ್ಲಿ ಅದರೊಳಗೆ ಒಂದು ಹಳ್ಳ ನುಗ್ಗಿ ತುಂಗಭದ್ರೆಯ ದಾರಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ಆಡುಗಳು ಮಧ್ಯಾಹ್ನದ ನಿದ್ದೆ ಮಾಡುತ್ತವೆ. ನನಗೆ ಚಿಕ್ಕಂದಿನಿಂದ ಇದ್ದ ಅನುಮಾನ ಒಂದೇ: ಗುಡ್ಡವನ್ನು ಸುತ್ತಿ ಹೋಗಲು ಮೆತ್ತನೆಯ ನೆಲ ಪಕ್ಕದಲ್ಲೇ ಇರುವಾಗ, ಇಷ್ಟು ಬಡಕಲು ಹಳ್ಳ ಅಷ್ಟು ಗಟ್ಟಿ ಕಲ್ಲನ್ನೇ ಯಾಕೆ ಕೊರೆಯಿತು?

ಊರವರಿಗೆ ಇಂಥ ಅನುಮಾನವೇ ಇರಲಿಲ್ಲ. ಹಳ್ಳದ ಬಡಗ ದಂಡೆಯಲ್ಲಿರುವುದು ನನ್ನ ತವರು; ಅವ್ವ ಈಗಲೂ ಅಲ್ಲಿ ನನ್ನ ಅಣ್ಣನ ಸಂಸಾರವನ್ನು ಆಳುತ್ತಿದ್ದಾಳೆ. ಆ ಊರಿನ ಪ್ರಕಾರ ಗುಡ್ಡವನ್ನು ಸೀಳಿದ್ದು ಊರ ಬಸವಣ್ಣ. ಗುಡ್ಡದ ಹಿಂದೆ ನೀರು ಸಿಕ್ಕಿಕೊಂಡಿತ್ತಂತೆ, ಬಸವಣ್ಣ ಕೋಡು ಕೊಟ್ಟು ದಾರಿ ಬಿಡಿಸಿದನಂತೆ. ತೆಂಕ ದಂಡೆಯ ಊರು ನಮ್ಮತ್ತೆಯ ತವರು. ಅತ್ತೆ ಮದುವೆಯಾಗಿ ಬ್ಯಾಡಗಿಗೆ ಬಂದು ಮೊಮ್ಮಕ್ಕಳನ್ನು ಕಂಡರೂ "ನಮ್ಮೂರು" ಎಂದರೆ ಇವತ್ತಿಗೂ ಅದೇ. ಆ ಊರಿನ ಪ್ರಕಾರ ಗುಡ್ಡವನ್ನು ಸೀಳಿದ್ದು ಊರ ದೇವಿ. ಆಕೆ ತವರಿಗೆ ಹೋಗಿದ್ದಳಂತೆ. ತವರಿನವರು ಸೆರಗಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬದೆ ಬರಿ ಸೆರಗಿನಲ್ಲಿ ಕಳಿಸಿದರಂತೆ. ತಿರುಗಿ ಬರುವಾಗ ಗುಡ್ಡ ಅಡ್ಡ ಬಂತು, ಆಕೆ ಆ ಸಿಟ್ಟನ್ನೆಲ್ಲ ಅದರ ಮೇಲೆ ತೆಗೆದು ಒದ್ದಳು, ಅಷ್ಟೇ.

ಇದರಲ್ಲಿ ಜಗಳ ಎಲ್ಲಿದೆ ಎಂದರೆ, ದೇವಿಯ ತವರು ಯಾವುದು ಎಂಬಲ್ಲಿದೆ. ಅದು ನಮ್ಮವ್ವನ ಊರು.

ನನ್ನ ಮಗಳ ನಿಶ್ಚಯದ ದಿನ ಬ್ಯಾಡಗಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಹೊಸ ಬೀಗರ ಮುಂದೆ ಈ ಕಥೆ ತೆಗೆದರು. ಅವರಿಗೆ ಕಥೆ ಹೇಳುವ ಹುಕಿ ಬಂದರೆ ಎದುರಿಗೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಅವ್ವ ಸ್ವಲ್ಪ ಹೊತ್ತಿನ ಮೊದಲಷ್ಟೇ ನನಗೂ ನನ್ನ ಮಗಳಿಗೂ ಉಡಿ ತುಂಬಿದ್ದಳು. ಅಕ್ಕಿ ಕಡಿಮೆ ತಂದಿದ್ದೇನೆಯೇ ಎಂದು ಅಡುಗೆಮನೆಯಲ್ಲಿ ನನ್ನನ್ನು ಎರಡು ಸಲ ಕೇಳಿಯೂ ಇದ್ದಳು. ಅತ್ತೆ "ಬರೇ ಸೆರಗಿನ್ಯಾಗ ಕಳಿಸಿದ್ರು ನೋಡ್ರಿ" ಎನ್ನುವಾಗ ಅವ್ವ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದಳು.

"ನಮ್ಮೂರವ್ರು ಹೆಣ್ಮಕ್ಕಳಿಗೆ ಉಡಿ ತುಂಬದವರು ಅಂದಂಗಾತು."

"ಅಯ್ಯ ಬೀಗ್ರ, ನಾ ದೇವರ ಕಥಿ ಹೇಳಾಕತ್ತೇನಿ. ನಿಮ್ಮ ಮಾತು ಎಲ್ಲಿ ಬಂತು?"

"ಗುಡ್ಡ ಒಡದಾಂವ ನಮ್ಮ ಬಸವಣ್ಣ. ಅದು ತೀರ್ಮಾನ ಆಗೋಮಟ ನಾ ಈ ಮನಿ ಹೊಸ್ತಲಾ ತುಳ್ಯಂಗಿಲ್ಲ."

ಅವ್ವ ಎದ್ದು ಕೈತೊಳೆದಳು, ಅಣ್ಣನ ಬೈಕ್ ಹತ್ತಿ ಹೋದಳು. ಮಗಳ ಮದುವೆ ಹಾವೇರಿಯ ಮಂಟಪದಲ್ಲಿ ಆದದ್ದರಿಂದ ಹೊಸ್ತಿಲಿನ ಪ್ರಶ್ನೆ ಬರಲಿಲ್ಲ. ಅಲ್ಲಿಯೂ ಇಬ್ಬರೂ ಮಂಟಪದ ಎರಡು ತುದಿಗೆ ಕೂತು, ಎರಡು ಪಂಕ್ತಿಯಲ್ಲಿ ಉಂಡರು. ತೊಂದರೆ ಬಂದದ್ದು ಮಗಳ ಕುಬುಸ ಗೊತ್ತಾದಾಗ. ಬಸುರಿ ಮಗಳನ್ನು ಮನೆಗೆ ಕರೆಸಿ, ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಹಿರಿಯರು ಉಡಿ ತುಂಬುವ ದಿನ ಅದು. ಅವಳು ಹಾವೇರಿಯಿಂದ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಇಬ್ರೂ ಆಯಿಗಳು ಕೂಡೇ ನಿಂತು ಉಡಿ ತುಂಬಬೇಕು ಮಮ್ಮಿ. ಇಲ್ಲಾಂದ್ರ ನಾ ಕುಂದ್ರಂಗಿಲ್ಲ." ಹಟದಲ್ಲಿ ಅವಳು ಎರಡೂ ದಂಡೆಯ ಮೊಮ್ಮಗಳು.

ಅದೇ ಹೊತ್ತಿಗೆ, ಕೊಳ್ಳದ ಹುಟ್ಟು ತಿಳಿಯಲು ನಾನು ಹಾಕಿಕೊಂಡಿದ್ದ ಯೋಜನೆಗೆ ನೆಲದೊಳಗೆ ನೋಡುವ ಯಂತ್ರವೊಂದು ಸಿಕ್ಕಿತು. ವಿಶ್ವವಿದ್ಯಾಲಯವೊಂದರಲ್ಲಿದ್ದ ಮೈಸೂರು ಕಡೆಯ ಸಂಶೋಧಕರೊಬ್ಬರು ಅದನ್ನು ತೆಗೆದುಕೊಂಡು ಬರಲು ಒಪ್ಪಿದರು. ನೆಲಕ್ಕೆ ಸಾಲಾಗಿ ಉಕ್ಕಿನ ಗೂಟಗಳನ್ನು ಬಡಿದು, ಅವುಗಳಿಗೆ ಕೇಬಲ್ ಜೋಡಿಸಿ, ಒಳಗೆ ಕರೆಂಟು ಬಿಡುತ್ತಾರೆ. ಗಟ್ಟಿ ಕಲ್ಲು ಕರೆಂಟನ್ನು ತಡೆಯುತ್ತದೆ, ತೇವದ ಮಣ್ಣು ಹರಿಯಗೊಡುತ್ತದೆ. ಎಲ್ಲಿ ಎಷ್ಟು ತಡೆಯಿತು ಎಂಬುದನ್ನು ಲೆಕ್ಕ ಹಾಕಿ ಯಂತ್ರ ನೆಲದ ಒಳಗಿನ ಚಿತ್ರ ಬಿಡಿಸುತ್ತದೆ. ಅಗೆಯುವುದು ಬೇಡ, ಒಡೆಯುವುದು ಬೇಡ. ಕೊಳ್ಳ ಹುಟ್ಟಿದ್ದು ಹೇಗೆ ಎಂದು ಇದರಿಂದ ತಿಳಿಯಬಹುದು ಎಂದು ನಾನು ಮನೆಯಲ್ಲಿ ಉತ್ಸಾಹದಿಂದ ವಿವರಿಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

"ಅಂದ್ರ ಯಾರು ಸೀಳಿದ್ರು ಅಂತ ಯಂತ್ರ ಹೇಳತೈತೇನು?" ಎಂದರು ಅತ್ತೆ.

"ಯಾರು ಅಂತಲ್ಲ ಅತ್ತಿ, ಹೆಂಗ ಅಂತ."

"ಹೆಂಗ ಅಂತ ಗೊತ್ತಾದ್ರ ಯಾರು ಅಂತ ಗೊತ್ತಾಗಂಗಿಲ್ಲೇನು? ಕೋಡಿನ ಗಾಯ ಬ್ಯಾರೆ, ಕಾಲಿನ ಗಾಯ ಬ್ಯಾರೆ."

ಸಂಜೆಯೊಳಗೆ ಸುದ್ದಿ ಬಡಗ ದಂಡೆ ಮುಟ್ಟಿತು. ಅವ್ವ ಫೋನ್ ಮಾಡಿ, "ಬಸವಣ್ಣ ಅಂತ ಬರಲಿ, ಮೊದಲ ಗಾಡಿಗೆ ಬರ್ತೀನಿ" ಎಂದಳು. ಅತ್ತೆ, "ದೇವಿ ಅಂತ ಬಂದ್ರ ಬೀಗ್ರಿಗೆ ನಾನೇ ಆರತಿ ಹಿಡೀತೀನಿ" ಎಂದರು. ಮೆಣಸಿನಕಾಯಿ ದಲಾಲಿಯ ನನ್ನ ಗಂಡ, ಮಾರುಕಟ್ಟೆಯಲ್ಲಿ ಎಂಥೆಂಥ ವ್ಯಾಜ್ಯ ಬಗೆಹರಿಸಿದವರು, "ನನ್ನ ಇದರಾಗ ಎಳೀಬ್ಯಾಡ" ಎಂದು ಅಂಗಡಿಗೆ ಹೋದರು. ಯಂತ್ರ ಏನು ಹೇಳಿದರೂ ಒಬ್ಬ ಅಜ್ಜಿ ಉಡಿ ತುಂಬಲು ನಿಲ್ಲುವುದಿಲ್ಲ, ಮಗಳು ಹಸಿರು ಸೀರೆ ಉಡುವುದಿಲ್ಲ. ಕೊಳ್ಳದ ಮೇಲೆ ನನಗೇ ಸಿಟ್ಟು ಬಂತು.

ಯಂತ್ರ ಬಂದ ದಿನ ಗುಡ್ಡದ ಬುಡದಲ್ಲಿ, ಬಡಗ ದಂಡೆಯ ಹೊಲದಿಂದ ಕೊಳ್ಳದ ಬಾಯಿ ದಾಟಿ ತೆಂಕ ದಂಡೆಯ ಹೊಲದವರೆಗೆ ಗೂಟ ಬಡಿಸಿದೆವು. ಜೋಳದ ಕೊಯ್ಲು ಮುಗಿದಿತ್ತು. ಎರೆ ನೆಲ ಕಾಲು ಸಿಕ್ಕುವಷ್ಟು ಬಿರಿದಿತ್ತು. ನಮ್ಮ ಕಡೆ ನೆಲಕ್ಕೆ ಕರೆಂಟು ಬಿಡುವವರು ಎಂದರೆ ಬೋರಿಗೆ ಪಾಯಿಂಟ್ ನೋಡುವವರು, ಬೇರೆ ಅರ್ಥವೇ ಇಲ್ಲ. ಹೀಗಾಗಿ ಪ್ರತಿಯೊಬ್ಬ ರೈತನೂ ಬಂದು, ಸಾಲನ್ನು ಸ್ವಲ್ಪ ಬಾಗಿಸಿ ತನ್ನ ಹೊಲಕ್ಕೆ ತರಲು ಸಾಧ್ಯವೇ ಎಂದು ಕೇಳಿದ. ಗೂಟ ಮುಟ್ಟಬೇಡಿ ಎಂದು ನಾನು ಗಂಟಲು ಹರಿದುಕೊಂಡೆ. ನನ್ನ ಅಣ್ಣ, ತಂಗಿಯ ಮಾತು ಕೇಳಿದರೆ ಮಾನ ಹೋಗುತ್ತದೆ ಎಂದು ನಂಬಿದವನು, "ಇದರಾಗ ಏನೈತಿ" ಎಂದು ಒಂದನ್ನು ಹಿಡಿದ. ಮರುಕ್ಷಣ ಮೂರು ಮಾರು ಆಚೆ ಕೂತಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ, ಆದರೆ ಸಂಜೆಯವರೆಗೂ ಅವನು ಆ ಕೈಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಅವನು ಹಾರಿದ್ದನ್ನು ಕಂಡ ಮೇಲೆ ಯಾರೂ ಗೂಟದ ಹತ್ತಿರ ಸುಳಿಯಲಿಲ್ಲ. ನನ್ನ ಗಂಟಲಿಗಿಂತ ಅವನ ಜಿಗಿತವೇ ಹೆಚ್ಚು ಕೆಲಸಕ್ಕೆ ಬಂತು.

ನಿಜವಾದ ಬಿಕ್ಕಟ್ಟು ಉಪ್ಪಿನಿಂದ ಬಂತು. ನೆಲ ಒಣಗಿದ್ದರೆ ಗೂಟದ ಬುಡಕ್ಕೆ ಉಪ್ಪು ನೀರು ಹೊಯ್ಯಬೇಕು, ಇಲ್ಲದಿದ್ದರೆ ಕರೆಂಟು ಒಳಗೆ ಇಳಿಯುವುದಿಲ್ಲ. ಬಡಗ ದಂಡೆಯಲ್ಲಿ ಅಣ್ಣನದೇ ಹೊಲ, ಹೊಯ್ದೆವು. ತೆಂಕ ದಂಡೆಗೆ ಬಕೆಟ್ ಹೊತ್ತು ಹೋದಾಗ ಹಿರಿಯರೊಬ್ಬರು ಅಡ್ಡ ನಿಂತರು.

"ಹೊಲಕ್ಕ ಉಪ್ಪು ಹಾಕ್ತಾರೇನವಾ? ಅದು ವೈರಿ ಮಾಡೋ ಕೆಲಸ. ಹುಲ್ಲೂ ಹುಟ್ಟಂಗಿಲ್ಲ."

ಒಂದೊಂದು ಗೂಟಕ್ಕೆ ಒಂದೊಂದು ತಂಬಿಗೆ ಎಂದು ಹೇಳಿದೆ. ಮಳೆ ಬಿದ್ದರೆ ತೊಳೆದು ಹೋಗುತ್ತದೆ ಎಂದೆ. ಸಂಶೋಧಕರು ಮೈಸೂರಿನ ಮೃದು ಕನ್ನಡದಲ್ಲಿ, "ದಯವಿಟ್ಟು ಸಹಕರಿಸಿ ಸಾರ್, ಏನೂ ತೊಂದರೆ ಆಗಲ್ಲ" ಎಂದರು. ಅದರಿಂದ ಅನುಮಾನ ಇನ್ನೂ ಹೆಚ್ಚಿತು. ಬರಿ ನೀರು ಹೊಯ್ದು ನೋಡಿದೆವು. ಯಂತ್ರ ಆ ಕಡೆಯ ಗೂಟಗಳನ್ನು ಒಂದೊಂದಾಗಿ ತಿರಸ್ಕರಿಸಿತು. ಸಂಶೋಧಕರು ಮರುದಿನ ಸಂಜೆ ಯಂತ್ರ ಕಟ್ಟಿಕೊಂಡು ಹೊರಡಬೇಕಿತ್ತು. ನಾನು ಬ್ಯಾಡಗಿಗೆ ಬಂದು ಅತ್ತೆಯ ಮುಂದೆ ತಲೆಗೆ ಕೈ ಹೊತ್ತು ಕೂತೆ.

ಅತ್ತೆ ಆಗ ಬಾಳಕ ಮಾಡುತ್ತಿದ್ದರು. ಹಸಿ ಮೆಣಸಿನಕಾಯಿಯನ್ನು ಸೀಳಿ ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸುವ ಕೆಲಸ. ಬೇಸಿಗೆ ಬಂತೆಂದರೆ ಎಲ್ಲರ ಮನೆಯಲ್ಲೂ ಅದೇ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಕೈ ನಿಲ್ಲಿಸಿದರು.

"ಉಪ್ಪು ಇಲ್ಲಂದ್ರ ಯಂತ್ರಕ್ಕ ನೆಲದ ಮಾತು ಕೇಳಂಗಿಲ್ಲ?"

"ಇಲ್ಲ ಅತ್ತಿ."

"ನಿಮ್ಮವ್ವನ ದಂಡಿಯಾಗ ಉಪ್ಪು ಹಾಕೀರಿ. ಆ ಕಡಿ ಮಾತು ಕೇಳೇತಿ."

"ಹೌದು."

"ನಮ್ಮ ಕಡಿ ಮಾತು ಕೇಳಿಲ್ಲ. ಹಂಗಾದ್ರ ಇದೆಂಥಾ ನ್ಯಾಯ?"

ಅವರು ಮಜ್ಜಿಗೆಯ ಗಡಿಗೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ನನ್ನ ಇಷ್ಟು ವರ್ಷಗಳ ಓದಿನಲ್ಲಿ ಮಜ್ಜಿಗೆಯ ಪ್ರಸ್ತಾಪ ಎಲ್ಲಿಯೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ತಾವೇ ಬಂದರು. ತವರಿನ ಹೆಂಗಸರನ್ನೆಲ್ಲ ಕರೆದು, ಮನೆಮನೆಯ ಬಾಳಕದ ಮಜ್ಜಿಗೆಯನ್ನು ಕೊಡಗಳಿಗೆ ತುಂಬಿಸಿದರು. ಹಿರಿಯರು ಮತ್ತೆ ಅಡ್ಡ ನಿಂತಾಗ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಉಪ್ಪು ಯಾರು ಹಾಕಾಕತ್ತಾರ ಕಾಕಾ? ಚರಗ ಚೆಲ್ಲಾಕತ್ತೇವಿ" ಎಂದರು. ಹಿರಿಯರು ದಾರಿ ಬಿಟ್ಟರು. ಎಳ್ಳಮವಾಸ್ಯೆಗೆ ಹೊಲದ ಸುತ್ತ ಒಬ್ಬರು ಅನ್ನ ಕಡುಬು ಚೆಲ್ಲುತ್ತ ಮುಂದೆ ಹೋಗುವುದು, ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ ಬರುವುದು, ಇದು ಭೂತಾಯಿಗೆ ಊಟ ಬಡಿಸುವ ಕ್ರಮ. ಅಮಾವಾಸ್ಯೆ ಮುಗಿದು ತಿಂಗಳುಗಳೇ ಆಗಿದ್ದವು. ಆದರೆ ಹಸಿದವಳಿಗೆ ಊಟ ಬಡಿಸುವುದನ್ನು ಬೇಡ ಎನ್ನುವ ಧೈರ್ಯ ಯಾರಿಗಿದೆ?

ಯಂತ್ರವನ್ನು ಆರಿಸಿಟ್ಟೆವು. ಹೆಂಗಸರು ಚರಗದ ಕೂಗು ಹಾಕುತ್ತ ಗೂಟದಿಂದ ಗೂಟಕ್ಕೆ ನಡೆದರು. ಮುಂದಿನವಳು ಬುಡಕ್ಕೆ ಒಂದು ಮುದ್ದೆ ಅನ್ನ ಇಟ್ಟಳು, ಹಿಂದಿನವಳು ಒಂದು ತಂಬಿಗೆ ಉಪ್ಪು ಮಜ್ಜಿಗೆ ಹೊಯ್ದಳು. ಸಂಶೋಧಕರು ಸಹಾಯಕ್ಕೆಂದು ಒಂದು ಕೊಡ ಎತ್ತಿದರು, ಆಮೇಲೆ ಅದೇ ಕೈಯಿಂದ ಕಣ್ಣು ಒರೆಸಿಕೊಂಡರು. ಬ್ಯಾಡಗಿಯ ಸೀಮೆಯಲ್ಲಿ ಮೆಣಸಿನಕಾಯಿ ಮುಟ್ಟಿದ ಕೈಯನ್ನು ಎಲ್ಲಿಗೆ ಒಯ್ಯಬಾರದು ಎಂಬುದು ಹಾಲುಗೂಸಿಗೂ ಗೊತ್ತು, ಅವರಿಗೆ ಹೇಳಲು ಎಲ್ಲರೂ ಮರೆತಿದ್ದೆವು. ಅವರನ್ನು ಮರದಡಿ ಕೂರಿಸಿ ಕಣ್ಣಿಗೆ ತಣ್ಣೀರು ಹಾಕಿದೆವು.

ಈ ಕೂಗು ಬಡಗ ದಂಡೆಗೆ ಕೇಳಿಸಿತು. ತೆಂಕ ದಂಡೆಯವರು ಊಟ ಬಡಿಸಿ ಯಂತ್ರವನ್ನು ಒಲಿಸಿಕೊಳ್ಳುತ್ತಿದ್ದಾರೆ ಎಂದು ಅವ್ವ ಅರ್ಥ ಮಾಡಿಕೊಂಡಳು. ನಾವು ತಲೆ ಎತ್ತುವಷ್ಟರಲ್ಲಿ ಅವ್ವನ ದಂಡು ಅಂಬಲಿ, ಹೋಳಿಗೆ, ಪುಂಡಿಪಲ್ಯ ಹೊತ್ತು ಹೊರಟಿತ್ತು. ಅಲ್ಲಿ ಈಗಾಗಲೇ ಉಪ್ಪು ನೀರು ಬಿದ್ದಿದೆ, ಬೇಡ ಅವ್ವ ಎಂದು ನಾನು ಈ ದಂಡೆಯಿಂದ ಕೂಗಿದೆ. "ನೀ ಸುಮ್ಕಿರು, ನೀ ಆ ಕಡಿಯಾಕಿ" ಎಂದು ಉತ್ತರ ಬಂತು. ಹೋಳಿಗೆಯ ವಾಸನೆಗೆ ಎರಡೂ ಊರಿನ ನಾಯಿಗಳು ಬಂದವು. ಒಂದು ನಾಯಿ ಹೋಳಿಗೆಯೊಂದಿಗೆ ಕೇಬಲ್ಲನ್ನೂ ಕಚ್ಚಿ ಎಳೆಯಿತು. ಅದನ್ನು ಅಟ್ಟಿಸಿಕೊಂಡು ಹೋದ ನನ್ನನ್ನು ನನ್ನ ವಿದ್ಯಾರ್ಥಿಗಳು ಯಾರೂ ನೋಡಲಿಲ್ಲ ಎಂಬುದೇ ಸಮಾಧಾನ. ಕೊನೆಗೆ ಎಲ್ಲರನ್ನೂ ದೂರ ಸರಿಸಿ, ನಾಯಿಗಳಿಗೆ ಕಾವಲು ನಿಲ್ಲಿಸಿ, ಯಂತ್ರ ಚಾಲೂ ಮಾಡಿದೆವು. ಸಂಶೋಧಕರು ಕೆಂಪು ಕಣ್ಣಿನಿಂದ ಪರದೆ ನೋಡಿ, "ಮೇಡಂ, ಎಲ್ಲಾ ಗೂಟಾನೂ ಹಿಡೀತಿದೆ. ಇಷ್ಟು ಚೆನ್ನಾಗಿ ನಾನು ಎಲ್ಲೂ ನೋಡಿಲ್ಲ" ಎಂದರು.

ಕೆಲವು ದಿನಗಳ ಮೇಲೆ ಚಿತ್ರ ಬಂತು. ಅದನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಮನೆಗೆ ತಂದೆ. ವಿಜ್ಞಾನದ ಮಟ್ಟಿಗೆ ಬಂಗಾರದಂಥ ಚಿತ್ರ. ಕೊಳ್ಳದ ಬಾಯಿಯ ಕೆಳಗೆ ಕಲ್ಲಿನಲ್ಲಿ ಒಂದು ಬಿರುಕು ನೇರವಾಗಿ ಆಳಕ್ಕೆ ಇಳಿದಿತ್ತು. ಹಳ್ಳ ಹುಟ್ಟುವುದಕ್ಕೂ ಬಹಳ ಮೊದಲೇ ಗುಡ್ಡ ಬಿರಿದಿತ್ತು. ಬಡಗ ದಂಡೆಯ ಹೊಲದ ಕೆಳಗೆ ಮುಚ್ಚಿಹೋದ ಒಂದು ಹಳೆಯ ಹಳ್ಳದ ಪಾತ್ರ ಕಾಣುತ್ತಿತ್ತು. ಒಂದು ಕಾಲಕ್ಕೆ ನೀರು ಗುಡ್ಡವನ್ನು ಸುತ್ತಿಯೇ ಹೋಗುತ್ತಿತ್ತು. ಆ ದಾರಿಯಲ್ಲಿ ಕಲ್ಲು ಉಸುಕು ತುಂಬಿಕೊಂಡ ಮೇಲೆ ಬಿರುಕನ್ನು ಹುಡುಕಿಕೊಂಡು, ಅದನ್ನೇ ಕೊರೆದು ಕೊಳ್ಳ ಮಾಡಿತು. ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಕೈಯಲ್ಲಿತ್ತು. ಅದರಲ್ಲಿ ಕೋಡೂ ಇರಲಿಲ್ಲ, ಕಾಲೂ ಇರಲಿಲ್ಲ. ಈಗ ಇಬ್ಬರೂ ಒಪ್ಪುವುದಿಲ್ಲ ಎಂದುಕೊಂಡೆ.

ಅತ್ತೆ ಮಾಳಿಗೆಯ ಮೇಲೆ ಬಾಳಕ ಹರವುತ್ತಿದ್ದರು. ಕೈ ತೊಳೆದುಕೊಂಡು ಬಂದು ಕನ್ನಡಕ ಹಾಕಿ ಚಿತ್ರ ಹಿಡಿದರು. ಕೆಂಪು ಎಂದರೆ ಗಟ್ಟಿ ಕಲ್ಲು, ನೀಲಿ ಎಂದರೆ ತೇವದ ಸಡಿಲು ನೆಲ ಎಂದು ತೋರಿಸಿದೆ. ಅವರ ಬೆರಳು ಬಿರುಕಿನ ಮೇಲೆ ನಿಲ್ಲಲಿಲ್ಲ. ಬಡಗ ದಂಡೆಯ ಕೆಳಗಿದ್ದ ನೀಲಿಯ ಮೇಲೆ ಹೋಗಿ ನಿಂತಿತು. ಎರಡು ಕಡೆ ಮೇಲಕ್ಕೆ ಎತ್ತಿ ಹಿಡಿದು, ನಡುವೆ ಭಾರಕ್ಕೆ ಜೋತ ಆಕಾರ ಅದು.

"ಇದೇನಿದು?"

"ಹಳೇ ಹಳ್ಳ ಅತ್ತಿ. ನಮ್ಮಣ್ಣನ ಹೊಲದ ಕೆಳಗೈತಿ. ಕಲ್ಲು ಉಸುಕು ತುಂಬೇತಿ."

ಅತ್ತೆ ತಮ್ಮ ಸೆರಗಿನ ಎರಡು ತುದಿ ಹಿಡಿದು, ಮುಂದೆ ಚಾಚಿ, ಅದನ್ನೂ ಚಿತ್ರವನ್ನೂ ನೋಡಿದರು.

"ಇದು ಉಡಿ ಅಲ್ಲೇನವಾ?"

"ಅತ್ತಿ, ಯಂತ್ರ ಹಂಗ ಹೇಳಿಲ್ಲ."

"ಯಂತ್ರಕ್ಕ ಉಡಿ ತುಂಬಿ ಗೊತ್ತೈತೇನು? ಫೋನ್ ಹಚ್ಚು ನಿಮ್ಮವ್ವಗ."

ಹಚ್ಚಿ ಕೊಟ್ಟೆ. ಅತ್ತೆ ಫೋನನ್ನು ರೊಟ್ಟಿಯ ಹಾಗೆ ಮುಂದೆ ಹಿಡಿದು, ದೊಡ್ಡ ದನಿಯಲ್ಲಿ ಹೇಳಿದರು: "ಬೀಗ್ರ, ನಿಮ್ಮೂರವ್ರು ಉಡಿ ತುಂಬ್ಯಾರ. ಹೊಲದ ಬುಡಕ ಇನ್ನೂ ಹಂಗ ಐತಿ, ಕಣ್ಣಾರೆ ನೋಡಿದೆ. ಆಕಿ ಸಿಟ್ಟಿಗೆ ಒದ್ದಿಲ್ಲ. ಉಡಿ ಭಾರಾಗಿ ಕಾಲು ಊರಿ ನಿಂತಳು, ಗುಡ್ಡ ತಡೀಲಿಲ್ಲ."

ಬಡಗ ದಂಡೆಯ ಕೋಳಿ ಕೂಗುವುದು ಫೋನಿನಲ್ಲಿ ಕೇಳಿಸಿತು. ಆಮೇಲೆ ಅವ್ವನ ದನಿ: "ಯಂತ್ರ ಹೇಳಿದ್ದು ಹೇಳಾಕತ್ತೀರೋ, ನೀವು ಹೇಳಾಕತ್ತೀರೋ?"

ಅತ್ತೆ ನನ್ನ ಮುಖ ನೋಡಿದರು. ಕನ್ನಡಕ ತೆಗೆದರು.

"ನಾ ಹೇಳಾಕತ್ತೇನಿ."

ಅವ್ವ ಫೋನ್ ಇಟ್ಟಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಕುಬುಸದ ದಿನ ಮಗಳು ಹಸಿರು ಸೀರೆ ಉಡದೆ, ಮಡಿಕೆ ಬಿಚ್ಚದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬಂದ ಹೆಂಗಸರು ಎರಡನೆಯ ಸಲ ಚಹಾ ಕುಡಿದರು. ಅತ್ತೆ ಒಳಗೆ ಹೊರಗೆ ಓಡಾಡುತ್ತ, ಯಾರೂ ಕೇಳದಿದ್ದರೂ "ನಾ ಯಾರ ಹಾದಿನೂ ಕಾಯಾಕತ್ತಿಲ್ಲ" ಎಂದು ಹೇಳುತ್ತಿದ್ದರು. ಅಷ್ಟರಲ್ಲಿ ಅಣ್ಣನ ಟಂಟಂ ಗಾಡಿ ಬಂದು ನಿಂತಿತು. ಅದರ ಹಿಂದೆ ಅಕ್ಕಿಯ ಚೀಲ, ಕೊಬ್ಬರಿಯ ಬುಟ್ಟಿ, ಬೆಲ್ಲದ ಪೆಂಟೆ, ನಡುವೆ ಜಾಗ ಸಾಲದೆ ಒತ್ತಿಕೊಂಡು ಕೂತ ನಮ್ಮವ್ವ. ಇಡೀ ಊರಿನ ಬಸುರಿಯರಿಗೆ ಆಗುವಷ್ಟು ತಂದಿದ್ದಳು. ಅವ್ವ ಹೊಸ್ತಿಲ ಮುಂದೆ ಒಂದು ಕ್ಷಣ ನಿಂತಳು. ಅತ್ತೆ ಆರತಿ ಹಿಡಿದು ಬಂದರು. ಆ ಆರತಿಯನ್ನು ಯಾವಾಗ ಹಚ್ಚಿಟ್ಟಿದ್ದರೋ ನನಗೆ ತಿಳಿಯದು. ನನಗೆ ಅಳು ಬಂತು. ತಡೆಯಲೂ ಇಲ್ಲ.

ಇಬ್ಬರೂ ಕೂಡಿಯೇ ಮಗಳ ಉಡಿ ತುಂಬಿದರು. ಆಮೇಲೆ ಅವ್ವ ತಟ್ಟನೆ ತಿರುಗಿ ಅತ್ತೆಯ ಸೆರಗು ಹಿಡಿದು, ಅದರಲ್ಲೂ ಅಕ್ಕಿ ಸುರಿಯತೊಡಗಿದಳು. ಅತ್ತೆ ಸಾಕು ಸಾಕು ಎಂದರೂ ಬಿಡಲಿಲ್ಲ. ಸೆರಗು ಜೋತು, ನೆಲಕ್ಕೆ ಅಕ್ಕಿ ಚೆಲ್ಲಿ, ಅತ್ತೆ ಗೋಡೆಗೆ ಆತು ನಿಲ್ಲುವವರೆಗೆ ಸುರಿದಳು.

"ಇಷ್ಟು ಭಾರ ಹೊತ್ತು ನಿಮ್ಮ ದೇವಿ ನಡಕೊಂತ ಬಂದಳೇನ್ರಿ ಬೀಗ್ರ?" ಎಂದಳು ಅವ್ವ.

"ಮತ್ತ ಹೆಂಗ ಬಂದಳು?" ಅತ್ತೆಗೆ ಉಸಿರು ಕಟ್ಟಿತ್ತು.

"ನಮ್ಮ ಬಸವಣ್ಣನ ಮ್ಯಾಲ ಹೇರಿ ಕಳಿಸಿದ್ವಿ. ಅದಕ್ಕ ಆಂವ ಕೋಡು ಕೊಟ್ಟು ಹಾದಿ ಮಾಡಿದ."

ಅತ್ತೆ ಸೆರಗನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೇ ಯೋಚಿಸಿದರು. ಮಗಳು ನನ್ನ ಕೈ ಹಿಡಿದಿದ್ದಳು.

"ಹೌದು," ಎಂದರು ಅತ್ತೆ ಕೊನೆಗೆ. "ಬಸವಣ್ಣನ ಗೊರಸಿನ ಗುರುತು ನಾನೂ ನೋಡೇನಿ." ಆಮೇಲೆ ನನ್ನ ಕಡೆ ತಿರುಗಿ, "ಚಿತ್ರ ತಗೊಂಡು ಬಾರವಾ, ನಿಮ್ಮವ್ವಗ ತೋರಸ್ತೀನಿ" ಎಂದರು.